‘ಬೇಸಿಕ್ ಸ್ಟ್ರಕ್ಚರ್’ಗೆ ‘ಮೂಲ ರಚನೆ’ ಅನ್ನೋದು ಸರಿಯಾ?

ಎಲ್ರಿಗೂ ನಮಸ್ಕಾರ. ಸಂವಿಧಾನ ತಿದ್ದೋ ಸಂಸತ್ತಿನ ಅಧಿಕಾರಕ್ಕೆ ಮಿತಿ ಹಾಕಿದ ಸುಪ್ರೀಂ ಕೋರ್ಟಿನ ಕೇಶವಾನಂದ ಭಾರತಿ ಕೇಸಿನ ‘ಬೇಸಿಕ್ ಸ್ಟ್ರಕ್ಚರ್’ಗೆ ನೀವೆಲ್ಲ ಕನ್ನಡದಲ್ಲಿ ಏನಂತ ಬರೀತೀರಿ? ಪಿಯುಸಿ ಮಕ್ಕಳಿಗೆ ಸಂವಿಧಾನದ ಪಾಠ ಮಾಡೋವಾಗ ನಾನು ಇಷ್ಟು ದಿನ ‘ಮೂಲ ರಚನೆ’ ಅಂತಾನೇ ಬೋರ್ಡ್ ಮೇಲೆ ಬರೀತಿದ್ದೆ, ಮೊನ್ನೆ ಒಬ್ಬಳು ಹುಡುಗಿ ಎದ್ದು ನಿಂತು, ಸರ್ ಜಾತ್ಯತೀತ ಅನ್ನೋ ಪದ ಪ್ರಸ್ತಾವನೆಗೆ ಸೇರಿದ್ದೇ 1976ರಲ್ಲಿ, 42ನೇ ತಿದ್ದುಪಡೀಲಿ, ಮೂಲದಲ್ಲಿ ಇರ್ಲೇ ಇಲ್ಲ ಅಂದ್ಮೇಲೆ ಅದು ಮೂಲ ರಚನೆ ಹೆಂಗಾಗತ್ತೆ ಅಂತ ಕೇಳಿದ್ಲು. ನ್ಯಾಯವಾದ ಪ್ರಶ್ನೆ. ಅವಳ ದಾರಿ ತಪ್ಪಿಸಿದ್ದು ನಾನು ಬರೆದ ಪದ.

ಮೂಲ ಪ್ರತಿ, ಮೂಲ ನಿವಾಸಿ ಅಂತೀವಲ್ಲ, ಅಲ್ಲಿ ‘ಮೂಲ’ ಅಂದ್ರೆ ಮೊದಲಿಂದ ಇದ್ದದ್ದು. ‘ರಚನೆ’ ಅಂದ್ರೆ ಕಟ್ಟಡದ ಥರದ್ದೂ ಹೌದು, ಬರೆಯೋ ಕೆಲಸಾನೂ ಹೌದು, ‘ಸಂವಿಧಾನ ರಚನಾ ಸಭೆ’ ಅಂತಾನೇ ಇದೆ. ಎರಡೂ ಜೊತೆಗೆ ಬಂದ್ರೆ ಕೇಳೋರ ತಲೇಲಿ 1949ರಲ್ಲಿ ಬರೆದು ಮುಗಿಸಿದ ಮೊದಲ ಪ್ರತಿನೇ ಬರೋದು. 24 ಏಪ್ರಿಲ್ 1973ರ ತೀರ್ಪು ಹೇಳಿದ್ದು ಅದಲ್ವೇ ಅಲ್ಲ. 13 ಜಡ್ಜುಗಳು 68 ದಿನ ವಾದ ಕೇಳಿ 7–6ರ ಬಹುಮತದಲ್ಲಿ ಹೇಳಿದ್ದು, ಸಂಸತ್ತು ಯಾವ ವಿಧಿಯನ್ನಾದ್ರೂ ತಿದ್ದಬಹುದು, ಆದ್ರೆ ಇಡೀ ಸಂವಿಧಾನವನ್ನ ಎತ್ತಿ ಹಿಡಿದಿರೋದನ್ನ ಕೆಡವೋ ಹಾಗಿಲ್ಲ ಅಂತ. ಹಾಗೆ ಕೆಡವಬಾರದ್ದು ಏನೇನು ಅಂತ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಕೊಟ್ಟ ಪಟ್ಟೀಲಿ ಜಾತ್ಯತೀತ ಗುಣವೂ ಇತ್ತು, ಆ ಪದ ಪ್ರಸ್ತಾವನೆಗೆ ಬರೋಕೆ ಮೂರು ವರ್ಷ ಮೊದಲೇ. 1994ರಲ್ಲಿ ನಮ್ಮ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಕೇಸಿನ 9 ಜಡ್ಜುಗಳ ಪೀಠ ಅದನ್ನೇ ಇನ್ನಷ್ಟು ಗಟ್ಟಿ ಮಾಡ್ತು.

‘ಮೂಲಭೂತ ರಚನೆ’ ಅಂತ ಬರೆಯೋರೂ ಇದಾರೆ, ಅದಂತೂ ಬೇಡ್ವೇ ಬೇಡ ಅನ್ಸತ್ತೆ ನಂಗೆ. ಮೂಲಭೂತ ಹಕ್ಕುಗಳನ್ನ ಮೊಟಕು ಮಾಡೋ ಹಾಗೇ ಇಲ್ಲ ಅಂದಿದ್ದು 1967ರ ಗೋಲಕನಾಥ್ ತೀರ್ಪು, 1973ರಲ್ಲಿ ಕೋರ್ಟು ಅದನ್ನ ತಳ್ಳಿಹಾಕ್ತು. ಎಡನೀರು ಮಠದ ಸ್ವಾಮೀಜಿ ಕೇಶವಾನಂದ ಭಾರತಿ ಕೋರ್ಟಿಗೆ ಹೋಗಿದ್ದು ಕೇರಳದ ಭೂಸುಧಾರಣೆ ಕಾಯ್ದೆ ವಿರುದ್ಧ, ಮಠದ ಜಮೀನಿಗಾಗಿ, ಆದ್ರೆ ಆ ಆಸ್ತಿ ಹಕ್ಕೇ 1978ರ 44ನೇ ತಿದ್ದುಪಡೀಲಿ ಮೂಲಭೂತ ಹಕ್ಕುಗಳಿಂದ ಹೊರಗೆ ಹೋಯ್ತು. ಅಂದ್ರೆ ಮೂಲಭೂತ ಅಂತ ಕರೆಸಿಕೊಂಡದ್ದೆಲ್ಲ ಮುಟ್ಟಬಾರದ್ದಲ್ಲ. ಎರಡಕ್ಕೂ ಒಂದೇ ವಿಶೇಷಣ ಹಾಕಿದ್ರೆ ಮಕ್ಕಳು ಈ ವ್ಯತ್ಯಾಸ ಹಿಡಿಯೋದು ಹೇಗೆ?

‘ಮೂಲ ಸ್ವರೂಪ’ ಕಿವಿಗೆ ಚೆನ್ನಾಗಿದೆ, ಆದ್ರೆ ‘ದೇವಸ್ಥಾನದ ಮೂಲ ಸ್ವರೂಪಕ್ಕೆ ಧಕ್ಕೆ ಬರದ ಹಾಗೆ ಜೀರ್ಣೋದ್ಧಾರ’ ಅಂತೀವಲ್ಲ, ಅಲ್ಲೂ ಹಳೇ ರೂಪ ಅನ್ನೋ ಅರ್ಥಾನೇ. ಬುನಾದಿ, ತಳಹದಿ ಅಂದ್ರೆ ನೆಲದ ಕೆಳಗಿಂದು ಮಾತ್ರ. ತೀರ್ಪಲ್ಲಿ ‘ಸ್ಟ್ರಕ್ಚರ್’ ಜೊತೆಗೆ ‘ಫ್ರೇಮ್‌ವರ್ಕ್’ ಅಂತ್ಲೂ ಬರತ್ತೆ. ತೊಟ್ಟಿಮನೇಲಿ ಗೋಡೆ ಒಡೆದು ಬಾಗಿಲು ಬೇರೆ ಕಡೆ ಇಡಬಹುದು, ಹಂಚು ಬದಲಾಯಿಸಬಹುದು, ಕಂಬ ತೊಲೆ ಕಿತ್ರೆ ಮನೇನೇ ಕೂತುಬಿಡತ್ತೆ, ಆ ಕಂಬ ತೊಲೆಯ ಅರ್ಥ ಬರೋ ಪದ ಬೇಕು. ಸದ್ಯಕ್ಕೆ ನಾನು ‘ಆಧಾರ ಚೌಕಟ್ಟು’ ಅಂತ ಬರೀತಿದೀನಿ. ಆದ್ರೆ ಈಗಿನ ಮಕ್ಕಳಿಗೆ ಆಧಾರ ಅಂದ ಕೂಡ್ಲೆ ಕಾರ್ಡು ನೆನಪಾಗತ್ತೆ, ಅದೊಂದು ಅಡ್ಡಿ.

ಇನ್ನೊಂದು ಕೇಳೋದಿದೆ. ಎಡನೀರು ಇರೋದು ಕಾಸರಗೋಡಲ್ಲಿ, ಸ್ವಾಮೀಜಿ ಯಕ್ಷಗಾನದ ಹಾಡುಗಾರಿಕೆ ಬಲ್ಲವರಾಗಿದ್ರು, ಬಹುಮತದ ಕಡೆ ನಿಂತ ಜಸ್ಟಿಸ್ ಕೆ.ಎಸ್. ಹೆಗ್ಡೆ ಕಾರ್ಕಳ ತಾಲೂಕಿನವರು. ಹಾಗಾಗಿ ಆ ಕಡೆ ಈ ಸುದ್ದೀನ ಆಗಲೇ ಕನ್ನಡದಲ್ಲಿ ಬರೆದಿರ್ತಾರೆ, ಮಾತಾಡಿರ್ತಾರೆ. 1973ರ ಏಪ್ರಿಲ್–ಮೇ ತಿಂಗಳ ಕನ್ನಡ ಪತ್ರಿಕೆ ಕಟಿಂಗ್ ಯಾರ ಹತ್ರಾನಾದ್ರೂ ಇದ್ಯಾ? ಅವರು ಯಾವ ಪದ ಬಳಸಿದ್ರು ಅಂತ ನೋಡಿ ಹೇಳ್ತೀರಾ? ಮಂಗಳೂರು, ಕಾಸರಗೋಡು ಕೋರ್ಟಿನ ಹಳೇ ವಕೀಲರು ಏನಂತಿದ್ರು ಅಂತ ಗೊತ್ತಿದ್ರೂ ಬರೀರಿ.