ಬೋರ್ ನೀರಿಗೆ ಕಾರಿನ ಮ್ಯಾಲ ಬಿಳಿ ಚುಕ್ಕಿ, ಏನ್ ಮಾಡೂದು?

ವಿಜಯಪುರ: ಕಪ್ಪು ಕಾರು, ಬೋರ್ ನೀರಿನ ಟಿಡಿಎಸ್ (ನೀರಾಗ ಕರಗಿದ ಉಪ್ಪು-ಖನಿಜ, ಲೀಟರಿಗೆ ಮಿಲಿಗ್ರಾಂ ಲೆಕ್ಕದಾಗ) 1,400 ಅದ. ತೊಳದು ಒರಸೂದ್ರಾಗ ಬಾನೆಟ್ ತುಂಬ ಬಿಳಿ ಚುಕ್ಕಿ ಕೂಡ್ತಾವ. ತಿಂಗಳಿಗೆ 300 ರೂಪಾಯಿ ಒಳಗ ಉಪಾಯ ಇದ್ರ ಹೇಳ್ರಿ.

ನವನಗರ, ಬಾಗಲಕೋಟೆ: ಸಾಫ್ಟ್‌ನರ್ ಕೂಡಸ್ರಿ, ನೀರಿನ ಗಡಸುತನ ತಗಿಯೂ ಯಂತ್ರ ಅದು. ನಮ್ಮದು 25 ಲೀಟರ್ ರೆಸಿನ್‌ದು (ಸುಣ್ಣದಂಶ ಹಿಡಿಯೂ ಸಣ್ಣ ಗುಂಡು), ಫಿಟಿಂಗ್ ಸೇರಿ 18,000 ಆತು. ಗಡಸುತನ 600 ಇದ್ರ ಸುಮಾರು 2,000 ಲೀಟರಿಗೊಮ್ಮಿ 3 ಕೆಜಿ ಉಪ್ಪು ಹಾಕಿ ರೆಸಿನ್ ತೊಳೀಬೇಕು. ಅದನ್ನ ತಪ್ಪಿಸಿದ್ರ ಮತ್ತ ಗಡಸು ನೀರ ಬರ್ತೈತಿ.

ಜಮಖಂಡಿ: ಸಾಫ್ಟ್‌ನರ್‌ದಿಂದ ಟಿಡಿಎಸ್ ಇಳಿಯೂದಿಲ್ರಿ! ಕ್ಯಾಲ್ಸಿಯಂ ಹೋದ ಜಾಗಾದಾಗ ಸೋಡಿಯಂ ಬಂದು ಕೂಡ್ತೈತಿ, ಅಷ್ಟ. 1,400 ಅಂದ್ರ ಲೀಟರಿಗೆ 1.4 ಗ್ರಾಂ. ಅರ್ಧ ಲೀಟರ್ ಹನಿ ಮೈಮ್ಯಾಲ ಒಣಗಿದ್ರ 0.7 ಗ್ರಾಂ ಅಲ್ಲೇ ಉಳೀತೈತಿ. ತೊಳಿಯಾಕ ಬೋರ್ ನೀರ ಸಾಕು, ಕಡೀ ನೀರಷ್ಟ ಶುದ್ಧ ನೀರಿನ ಘಟಕದ್ದು ಹಾಕ್ರಿ. ಗಿಡಕ್ಕ ನೀರು ಹಾಕೂ ಝಾರಿ ಜಾಳಿಗಿ ತಗದು, 10 ಲೀಟರ್ ಕಾರಿನ ಟಾಪಿನಿಂದ ಸಾವಕಾಶ ಇಳಿಸ್ರಿ. ನೀರು ಹಾಳಿಹಂಗ ಜಾರಿ ಹನೀನೂ ಎಳಕೊಂಡು ಹೋಗ್ತೈತಿ. ಮನಿ ಆರ್‌ಒ ಹೊರಗ ಬಿಡೂ ನೀರು ಮಾತ್ರ ಬ್ಯಾಡ, ಅದು ಬೋರ್‌ಕಿಂತ ಕೆಟ್ಟ.

ನವನಗರ: ಸೋಡಿಯಂ ಉಪ್ಪು ಹಸಿ ಬಟ್ಟಿಗೆ ಬಂದುಬಿಡ್ತೈತಿ. ಸುಣ್ಣ ಬರ್ತೈತೇನು? 18,000 ನೀರಾಗ ಹಾಕ್ಯಾರ ಅಂತ ತಿಳಕೋಬ್ಯಾಡ್ರಿ.

ಜಮಖಂಡಿ: ಹಂಗ ನಾ ಎಲ್ಲಿ ಬರದೀನಿ?

ಮುಧೋಳ: ಇಬ್ಬರೂ ಒರಸೂದು ಮರತ್ರಿ. ಬಾನೆಟ್ಟಿನ ಮ್ಯಾಲ ಕೈ ಇಟ್ರ ತಣ್ಣಗ ಹತ್ತಬೇಕು. ಮುಂಜಾನೆ ಏಳರೊಳಗ, ನೆರಳಾಗ, ಒಂದೊಂದ ಭಾಗ ತೊಳದು ಶಾಂಪೂ ಒಣಗೂದ್ರೊಳಗ ನೀರು ಹಾಕ್ರಿ. ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಎಳೀರಿ, ತಿಕ್ಕಬ್ಯಾಡ್ರಿ. ಟವೆಲ್ ತೊಳಿಯೂವಾಗ ಬಟ್ಟಿ ಮೆತ್ತಗ ಮಾಡೂ ದ್ರಾವಣ ಹಾಕಿದ್ರ ಅದು ನೀರು ಹೀರೂದ ಬಿಡ್ತೈತಿ. ಕನ್ನಡಿ, ಹ್ಯಾಂಡಲ್, ನಂಬರ್ ಪ್ಲೇಟ್ ಹಿಂದ ನೀರು ಅಡಗಿರ್ತೈತಿ. ಒಂದು ಕಿಲೋಮೀಟರ್ ಓಡಿಸಿ ಬಂದು ಮತ್ತ ಒರಸ್ರಿ. ಹಳೀ ಚುಕ್ಕಿಗೆ ಬಿಳಿ ವಿನೆಗರ್, ಅಷ್ಟ ನೀರು ಕೂಡಿಸಿ, ಒಂದು ನಿಮಿಷ ಇಟ್ಟು ತೊಳೀರಿ. ವ್ಯಾಕ್ಸ್ ಹೋಗಿರ್ತೈತಿ, ಮತ್ತ ಹಚ್ಚಬೇಕು. ಕೆಳಗ ಶಹಾಬಾದ್ ಫರಸಿ ಇದ್ರ ಮೊದಲ ನೀರು ಹೊಡೀರಿ, ಅದು ಸುಣ್ಣದ ಕಲ್ಲು, ವಿನೆಗರ್ ಬಿದ್ದಲ್ಲಿ ಹೊಳಪು ಹೋಗ್ತೈತಿ. ಇಷ್ಟಾದ್ರೂ ಬೆರಳಿಗೆ ತಗ್ಗು ಹತ್ತಿದ್ರ ಪಾಲಿಶೇ ಗತಿ.

ಇಂಡಿ: ಏಪ್ರಿಲ್‌ದಾಗ ಘಟಕದ ಮುಂದ ಕೊಡ ಹಿಡದು ಮಂದಿ ನಿಂತಿರ್ತಾರ. ಆ ನೀರು ಕಾರಿಗೆ ಸುರಿ ಅಂತೀರಲ್ಲ! ಎಸಿ ನೀರು ಹಿಡೀರಿ.

ಜಮಖಂಡಿ: ಒಣ ಬ್ಯಾಸಗ್ಯಾಗ ಎಸಿಯಿಂದ ಎಷ್ಟು ಬರ್ತೈತ್ರಿ? ನಾ ಹೇಳಿದ್ದು 10 ಲೀಟರ್. ಪೈಪ್ ಬಿಟ್ಟು ಅಂಗಳ ತುಂಬ ಹರಸೂವ್ರಿಗೆ ಕೇಳ್ರಿ ಇದನ್ನ.

ಇಂಡಿ: 10 ಲೀಟರ್ ಅಂದ್ರ ಒಂದು ಮನಿ ದಿನದ ಕುಡಿಯೂ ನೀರು. ಬ್ಯಾಸಗ್ಯಾಗ ಹಸಿ ಟವೆಲ್ಲಿಲೆ ಒರಸ್ರಿ, ಸಾಕು.

ಮುಧೋಳ: ಧೂಳಿನ ಮ್ಯಾಲ ಟವೆಲ್ ಎಳದ್ರ ಗೀರು ಬೀಳ್ತಾವ್ರಿ. ಅದೂ ಕಪ್ಪು ಬಣ್ಣಕ್ಕ!