ಸೀರಿಯಲ್ ಕನ್ಸೋಲ್: ಅಕ್ಷರ ಬರ್ತಿದೆ, ಟೈಪ್ ಮಾಡಿದ್ದು ಹೋಗ್ತಿಲ್ಲ

ಶಿರಸಿ_ತೋಟ
ಮೂರು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ, ತಲೆ ಕೆಟ್ಟು ಹೋಗಿದೆ. ಅಟ್ಟದ ಮೇಲೆ ಹಳೇ ಡೆಸ್ಕ್‌ಟಾಪ್ ಒಂದನ್ನು ಸರ್ವರ್ ಮಾಡಿ ಇಟ್ಟಿದ್ದೇನೆ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ. ಬಂದ ಮೇಲೆ ಒಂದೊಂದು ಸಲ ಬೂಟ್ ಅರ್ಧಕ್ಕೇ ನಿಲ್ಲುತ್ತದೆ. ಆಗ ನೆಟ್‌ವರ್ಕ್ ಮೂಲಕ ಒಳಗೆ ಹೋಗುವ ಎಸ್‌ಎಸ್‌ಎಚ್ ಏಳುವುದಿಲ್ಲ. ಟಿವಿ ಹೊತ್ತುಕೊಂಡು ಏಣಿ ಹತ್ತಬೇಕು. ಅದಕ್ಕೇ ಹಿಂದಿರುವ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟನ್ನು ಕನ್ಸೋಲ್ ಮಾಡಿ, ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಿಂದಲೇ ನೋಡಿ ಟೈಪ್ ಮಾಡೋಣ ಅಂತ ಹೊರಟೆ. ಬೂಟ್ ಶುರು ಮಾಡುವ ಗ್ರಬ್‌ನಲ್ಲಿ ಬರೆಯಬೇಕಾದ್ದು ಬರೆದೆ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮೆಸೇಜ್ ಎಲ್ಲ ಬರುತ್ತವೆ, ಕೊನೆಗೆ ಲಾಗಿನ್ ಕೂಡ ಬರುತ್ತದೆ. ಕೀ ಒತ್ತಿದರೆ ಮಾತ್ರ ಏನೂ ಇಲ್ಲ. ಉಳಿದದ್ದೆಲ್ಲ ಸರಿಯಾಗಿದೆ. ಎಲ್ಲಿ ತಪ್ಪಿದೆ?

ದಾವಣಗೆರೆ_ಲಿನಕ್ಸ್
ಬಾಡ್ ರೇಟ್, ಅಂದರೆ ಅಕ್ಷರ ಕಳಿಸುವ ವೇಗ. ಯಾವಾಗಲೂ ಅದೇ. ಎರಡೂ ಕಡೆ 9600 ಮಾಡಿ ನೋಡಿ.

ಶಿರಸಿ_ತೋಟ
115200 ಇತ್ತು. 9600ಕ್ಕೆ ಇಳಿಸಿದೆ. ಅದೇ ಕಥೆ.

ದಾವಣಗೆರೆ_ಲಿನಕ್ಸ್
ಹಾಗಾದರೆ 38400. ಯುಎಸ್‌ಬಿ ಅಡಾಪ್ಟರ್ ತಾನೇ? ಕೆಲವಕ್ಕೆ ಒಂದೊಂದು ವೇಗ ಆಗಿಬರಲ್ಲ. ಒಂದೊಂದಾಗಿ ಎಲ್ಲ ಹಾಕಿ ನೋಡಿ.

ಹಳೇ_ಟರ್ಮಿನಲ್
ಬಾಡ್ ರೇಟ್ ಬಿಡಿ ಸರ್. ಅದು ತಪ್ಪಿದ್ದರೆ ಬರುವ ಅಕ್ಷರಗಳೂ ಕಸ ಆಗಿರುತ್ತಿದ್ದವು. ಲಾಗಿನ್ ಅಂತ ಸ್ಪಷ್ಟವಾಗಿ ಓದೋಕೆ ಆಗುತ್ತಿದೆ ಅಂದರೆ ಎರಡೂ ಕಡೆ ವೇಗ ಒಂದೇ ಇದೆ.

ಶಿರಸಿಯವರೇ, ನೀವು ಹೇಳದೆ ಬಿಟ್ಟದ್ದೇ ಜಾಸ್ತಿ. ಯಾವ ಡಿಸ್ಟ್ರೋ, ಅಂದರೆ ಯಾವ ಲಿನಕ್ಸ್? ಕೇಬಲ್ ಎಂಥದ್ದು? ಲ್ಯಾಪ್‌ಟಾಪ್‌ನಲ್ಲಿ ಯಾವ ಪ್ರೋಗ್ರಾಂ? ಗ್ರಬ್ ಸಾಲನ್ನು ಇದ್ದ ಹಾಗೇ ಹಾಕಿ.

ಶಿರಸಿ_ತೋಟ
ಡೆಬಿಯನ್ 12. ಕೇಬಲ್ ನಾನೇ ಮಾಡಿದ್ದು, ಮೂರೇ ತಂತಿ: ಪಿನ್ 2ರಿಂದ 3ಕ್ಕೆ, 3ರಿಂದ 2ಕ್ಕೆ, 5ರಿಂದ 5ಕ್ಕೆ. ಬೆಸುಗೆ ಮೀಟರ್ ಇಟ್ಟು ಎರಡು ಸಲ ನೋಡಿದ್ದೇನೆ. ಸಾಲು ಇದು, ಟಿಟಿವೈಎಸ್0 ಸೀರಿಯಲ್ ಪೋರ್ಟ್, ಟಿಟಿವೈ0 ಮಾನಿಟರ್:
ಕನ್ಸೋಲ್=ಟಿಟಿವೈಎಸ್0,115200ಎನ್8 ಕನ್ಸೋಲ್=ಟಿಟಿವೈ0

ರೂಟ್_ಮೈಸೂರು
ಬೂಟ್ ಆಗುವಾಗ ಏನೇನು ಓಡಬೇಕು ಅಂತ ಬರೆದಿರುವ ಇನಿಟ್‌ಟ್ಯಾಬ್ ಫೈಲ್‌ನಲ್ಲಿ, ಲಾಗಿನ್ ಕೇಳುವ ಗೆಟ್ಟಿಯ ಸಾಲು ತೆರೆದಿದ್ದೀರಾ? ಟಿ0 ಅಂತ ಶುರುವಾಗುವ ಸಾಲು. ಮುಂದಿನ ಹ್ಯಾಶ್ ತೆಗೆಯಬೇಕು.

ದಾವಣಗೆರೆ_ಲಿನಕ್ಸ್
ಯಾವ ಕಾಲದ ಮಾತು ಸರ್? 2015ರಲ್ಲಿ ಡೆಬಿಯನ್ 8 ಬಂದಾಗಲೇ ಇನಿಟ್‌ಟ್ಯಾಬ್ ಹೋಗಿ ಸಿಸ್ಟಮ್‌ಡಿ ಆಯಿತು. ಕರ್ನಲ್ ಸಾಲಿನಲ್ಲಿ ಸೀರಿಯಲ್ ಕನ್ಸೋಲ್ ಇದ್ದರೆ ಗೆಟ್ಟಿಯನ್ನು ಅದೇ ಎಬ್ಬಿಸುತ್ತದೆ.

ರೂಟ್_ಮೈಸೂರು
ಗೊತ್ತು. ನನ್ನ ಮೂರು ಮೆಷಿನ್‌ನಲ್ಲೂ ಇವತ್ತಿಗೂ ಇನಿಟ್‌ಟ್ಯಾಬ್ ಇದೆ. ಒಂದು ಫೈಲ್ ತೆಗೆದರೆ ಏನು ಓಡುತ್ತದೆ ಅಂತ ಕಣ್ಣೆದುರಿಗೆ ಕಾಣುತ್ತದೆ. ತಾನಾಗಿ ಏಳುವುದು ಏಳದೇ ಹೋದಾಗ ಎಲ್ಲಿ ಹುಡುಕ್ತೀರಿ?

ದಾವಣಗೆರೆ_ಲಿನಕ್ಸ್
ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೊಟ್ಟರೆ ಅದೂ ಕಾಣುತ್ತದೆ. ಹೊಸಬರಿಗೆ ಇಲ್ಲದ ಫೈಲ್ ಹುಡುಕೋಕೆ ಹೇಳಬೇಡಿ, ಅಷ್ಟೇ.

ಸೋಲ್ಡರ್_ಕಡ್ಡಿ
ಲಾಗಿನ್ ಬಂದಿದೆ ಅಂದ ಮೇಲೆ ಗೆಟ್ಟಿ ಓಡ್ತಿದೆ ಅಲ್ವಾ? ಆ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಶಿರಸಿ ಅಣ್ಣಾ, ಕೇಬಲ್ ಬಿಚ್ಚಿ ಅಡಾಪ್ಟರ್ ಮೇಲೇ ತಗೊಳ್ಳುವ ಪಿನ್ 2, ಕಳಿಸುವ ಪಿನ್ 3 ಎರಡನ್ನೂ ಸೇರಿಸಿ ಟೈಪ್ ಮಾಡಿ. ಒತ್ತಿದ ಅಕ್ಷರ ವಾಪಸ್ ಬರಬೇಕು.

ಶಿರಸಿ_ತೋಟ
ಪೇಪರ್ ಕ್ಲಿಪ್ ಬಗ್ಗಿಸಿ ಸೇರಿಸಿದೆ. ಏನೂ ಬರಲಿಲ್ಲ.

ಸೋಲ್ಡರ್_ಕಡ್ಡಿ
ಅಡಾಪ್ಟರ್ ಹೋಗಿದೆ. ಕಳಿಸುವ ಕಡೆ ಸತ್ತಿದೆ, ತಗೊಳ್ಳುವ ಕಡೆ ಬದುಕಿದೆ. ಬೆಂಗಳೂರಿನ ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಮಾರ್ಕೆಟ್‌ಗೆ ಹೋಗುವವರು ಯಾರಾದರೂ ಇದ್ದರೆ ಒಂದು ತರಿಸಿಕೊಳ್ಳಿ. ನೆನಪಿರಲಿ, ಪಿಸಿ ಸೀರಿಯಲ್ ಪೋರ್ಟಿಗೆ ಆಗುವ ಆರ್‌ಎಸ್-232 ಅಂತಲೇ ಕೇಳಿ. 3.3 ವೋಲ್ಟಿನ ಟಿಟಿಎಲ್ ಬೋರ್ಡ್ ಕೊಟ್ಟಾರು. ಅದು ರಾಸ್ಪ್‌ಬೆರಿ ಪೈಗೆ ಆಗುತ್ತದೆ, ಡೆಸ್ಕ್‌ಟಾಪ್ ಪೋರ್ಟಿಗೆ ಆಗಲ್ಲ.

ಹಳೇ_ಟರ್ಮಿನಲ್
ತಡೀರಿ, ದುಡ್ಡು ಕೊಡಬೇಡಿ. ಪ್ರೋಗ್ರಾಂ ಯಾವುದು ಅಂತ ಇನ್ನೂ ಹೇಳಿಲ್ಲ. ಮಿನಿಕಾಮ್ ಆಗಿದ್ದರೆ ಕಂಟ್ರೋಲ್-ಎ ಒತ್ತಿ ಬಿಟ್ಟು ಓ ಒತ್ತಿ. ಸೀರಿಯಲ್ ಪೋರ್ಟ್ ಸೆಟಪ್‌ಗೆ ಹೋಗಿ. ಎಫ್ ಸಾಲಿನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಏನಿದೆ?

ಶಿರಸಿ_ತೋಟ
ಮಿನಿಕಾಮೇ. ಎಫ್ ಎದುರಿಗೆ ಯೆಸ್ ಅಂತ ಇದೆ. ನಾನು ಅದನ್ನು ಮುಟ್ಟೇ ಇಲ್ಲ.

ಹಳೇ_ಟರ್ಮಿನಲ್
ಸಿಕ್ಕಿತು. ಯೆಸ್ ಇದ್ದರೆ, ಆ ಕಡೆಯವರು 8ನೇ ಪಿನ್‌ನಲ್ಲಿ "ಕಳಿಸು" ಅಂತ ಸನ್ನೆ ಮಾಡುವವರೆಗೂ ಲ್ಯಾಪ್‌ಟಾಪ್ ಒಂದಕ್ಷರವನ್ನೂ ಬಿಡುವುದಿಲ್ಲ. ನಿಮ್ಮ ಕೇಬಲ್‌ನಲ್ಲಿ 8ಕ್ಕೆ ತಂತಿಯೇ ಇಲ್ಲ. ಸನ್ನೆ ಮಾಡುವವರು ಯಾರು? ಕ್ಲಿಪ್ ಹಾಕಿದಾಗಲೂ ಇದೇ ಆದದ್ದು. 7 ಮತ್ತು 8ನ್ನೂ ಸೇರಿಸಿದ್ದರೆ ತನ್ನ ಸನ್ನೆ ತನಗೇ ಸಿಕ್ಕಿ ಅಕ್ಷರ ವಾಪಸ್ ಬರುತ್ತಿತ್ತು. ಎಫ್ ಒತ್ತಿ ನೋ ಮಾಡಿ, ಸೇವ್ ಮಾಡೋದು ಮರೀಬೇಡಿ.

ಶಿರಸಿ_ತೋಟ
ಬಂತು! ಬಂತು ಸರ್! ಎಂಟರ್ ಒತ್ತಿದ ಕೂಡಲೇ ಲಾಗಿನ್ ಸಾಲು ಇನ್ನೊಂದು ಸಲ ಮೂಡಿತು. ಹೆಸರು ಹಾಕಿದೆ, ಪಾಸ್‌ವರ್ಡ್ ಹಾಕಿದೆ, ಒಳಗೆ ಹೋದೆ. ಮೂರು ದಿನ ಬರೀ ಬೆಸುಗೆ ಬಿಚ್ಚಿ ಹಾಕಿ ಮಾಡಿದ್ದೆ. ತುಂಬಾ ಥ್ಯಾಂಕ್ಸ್.

ಸೋಲ್ಡರ್_ಕಡ್ಡಿ
ಅಡಾಪ್ಟರ್ ಸತ್ತಿದೆ ಅಂದದ್ದು ನನ್ನ ತಪ್ಪು. ಕ್ಷಮಿಸಿ ಅಣ್ಣಾ.

ಹಳೇ_ಟರ್ಮಿನಲ್
ಕೆಲಸ ಇನ್ನೂ ಮುಗಿದಿಲ್ಲ. ನಿಮಗೆ ಬೇಕಾದ್ದು ಬೂಟ್ ಅರ್ಧಕ್ಕೆ ನಿಂತಾಗ ಕಮಾಂಡ್ ಕೊಡೋಕೆ ಕೈಗೆ ಸಿಗುವ ಶೆಲ್. ಕರ್ನಲ್ ಮೆಸೇಜ್ ಎರಡೂ ಕಡೆ ಹೋಗುತ್ತವೆ, ಸರಿ. ಆದರೆ ಸಾಲಿನಲ್ಲಿ ಕೊನೆಗೆ ಬರೆದದ್ದೇ ಮುಖ್ಯ ಕನ್ಸೋಲ್. ಎಮರ್ಜೆನ್ಸಿ ಶೆಲ್ ಅಲ್ಲಿಗೇ ಬರುತ್ತದೆ. ನಿಮ್ಮದರಲ್ಲಿ ಕೊನೆಗೆ ಇರುವುದು ಟಿಟಿವೈ0, ಅಂದರೆ ಮತ್ತೆ ಟಿವಿಯೇ. ಟಿಟಿವೈ0 ಮೊದಲು, ಟಿಟಿವೈಎಸ್0 ಕೊನೆಗೆ ಇಡಿ. ಅಪ್‌ಡೇಟ್-ಗ್ರಬ್ ಕೊಡಿ. ಆಮೇಲೆ ಬೇಕೆಂದೇ ಎಮರ್ಜೆನ್ಸಿಗೆ ಬೂಟ್ ಮಾಡಿ ನೋಡಿ: ಕರ್ನಲ್ ಸಾಲಿಗೆ ಸಿಸ್ಟಮ್‌ಡಿ.ಯೂನಿಟ್=ಎಮರ್ಜೆನ್ಸಿ.ಟಾರ್ಗೆಟ್ ಸೇರಿಸಿ.

ರೂಟ್_ಮೈಸೂರು
ನನ್ನ ಹತ್ತಿರ ಸನ್ ಕಂಪನಿಯ ಸ್ಪಾರ್ಕ್ ಯಂತ್ರ ಒಂದಿದೆ. ಕೀಬೋರ್ಡ್ ಇಲ್ಲದೆ ಆನ್ ಮಾಡಿದರೆ ಸಾಕು, ತಾನೇ ಸೀರಿಯಲ್ ಕಡೆ 9600ರಲ್ಲಿ ಮಾತಾಡುತ್ತದೆ. ಬ್ರೇಕ್ ಅನ್ನುವ ವಿಶೇಷ ಸನ್ನೆ ಕಳಿಸಿದರೆ ಕಮಾಂಡ್ ಕೇಳುವ ಓಕೆ ಪ್ರಾಂಪ್ಟ್. ಇಷ್ಟೆಲ್ಲ ಬರೆಯುವ ಕೆಲಸವೇ ಇಲ್ಲ. ವಾರಕ್ಕೊಮ್ಮೆ ಅದನ್ನು ಆನ್ ಮಾಡದಿದ್ದರೆ ನನಗೆ ಸಮಾಧಾನ ಇಲ್ಲ.

ದಾವಣಗೆರೆ_ಲಿನಕ್ಸ್
ಬ್ರೇಕ್ ಲಿನಕ್ಸ್‌ನಲ್ಲೂ ಉಪಯೋಗಕ್ಕೆ ಬರುತ್ತದೆ. ಮಿನಿಕಾಮ್‌ನಲ್ಲಿ ಕಂಟ್ರೋಲ್-ಎ, ಆಮೇಲೆ ಎಫ್. ಐದು ಸೆಕೆಂಡಿನೊಳಗೆ ಎಸ್ ಒತ್ತಿದರೆ ಡಿಸ್ಕ್ ಸಿಂಕ್, ಅಂದರೆ ಬರೆಯದೆ ಉಳಿದದ್ದು ಡಿಸ್ಕಿಗೆ ಹೋಗುತ್ತದೆ; ಮತ್ತೆ ಬ್ರೇಕ್ ಕಳಿಸಿ ಬಿ ಒತ್ತಿದರೆ ರೀಬೂಟ್. ಮೆಷಿನ್ ಹ್ಯಾಂಗ್ ಆದಾಗ ಏಣಿ ಹತ್ತೋದು ತಪ್ಪುತ್ತದೆ.

ಶಿರಸಿ_ತೋಟ
ಸಾಲು ತಿರುಗಿಸಿದೆ, ಎಮರ್ಜೆನ್ಸಿಗೆ ಬೂಟ್ ಮಾಡಿದೆ. ಈಗ ಲ್ಯಾಪ್‌ಟಾಪ್‌ಗೇ ಬಂತು. ಆದರೆ ರೂಟ್ ಅನ್ನುವ ಅಡ್ಮಿನ್ ಖಾತೆ ಲಾಕ್ ಆಗಿದೆ ಅಂತ ಹೇಳಿ ಎಂಟರ್ ಒತ್ತಲು ಕೇಳುತ್ತದೆ. ಶೆಲ್ ಕೊಡುತ್ತಿಲ್ಲ.

ಹಳೇ_ಟರ್ಮಿನಲ್
ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟಿರುತ್ತೀರಿ. ಹಾಗೆ ಬಿಟ್ಟರೆ ಡೆಬಿಯನ್ ರೂಟ್‌ಗೆ ಬೀಗ ಹಾಕಿ ನಿಮ್ಮ ಖಾತೆಯಿಂದಲೇ ರೂಟ್ ಕೆಲಸ ಮಾಡಿಸುವ ಸುಡೋ ಕೊಡುತ್ತದೆ. ಮಾಮೂಲಿ ಬೂಟ್ ಮಾಡಿ ಸುಡೋ ಪಾಸ್‌ಡಬ್ಲ್ಯೂಡಿ ರೂಟ್ ಕೊಟ್ಟು ಪಾಸ್‌ವರ್ಡ್ ಇಡಿ. ಮಳೆ ಜೋರಾಗುವ ಮೊದಲು ಇನ್ನೊಂದು ಸಲ ಎಮರ್ಜೆನ್ಸಿಗೆ ಹೋಗಿ ಶೆಲ್ ಸಿಗುತ್ತದಾ ನೋಡಿಬಿಡಿ.

ಶಿರಸಿ_ತೋಟ
ಸಿಕ್ಕಿತು. ಅಟ್ಟದಿಂದ ಕೇಬಲ್ ಇಳಿಸಿ ಅಡುಗೆಮನೆ ಪಕ್ಕದ ಮೊಳೆಗೆ ನೇತು ಹಾಕಿದ್ದೇನೆ. ಒಂದು ಉಳಿದಿದೆ: ಗ್ರಬ್ ಮೆನು ಇನ್ನೂ ಲ್ಯಾಪ್‌ಟಾಪ್‌ನಲ್ಲಿ ಕಾಣಿಸಲ್ಲ, ನೇರ ಕರ್ನಲ್‌ನಿಂದಲೇ ಶುರು.

ಸೋಲ್ಡರ್_ಕಡ್ಡಿ
ಗ್ರಬ್‌ಗೆ ಬೇರೆಯಾಗಿ ಹೇಳಬೇಕು ಅಣ್ಣಾ. ಕನ್ಸೋಲ್ ಸಾಲು ಬರೆದ ಅದೇ ಫೈಲ್‌ನಲ್ಲಿ ಗ್ರಬ್ ಟರ್ಮಿನಲ್ ಸಾಲಿಗೆ ಕನ್ಸೋಲ್, ಸೀರಿಯಲ್ ಎರಡನ್ನೂ ಹಾಕಿ. ಸೀರಿಯಲ್ ಕಮಾಂಡ್ ಸಾಲಿನಲ್ಲಿ ಯೂನಿಟ್ 0, ಸ್ಪೀಡ್ 115200 ಕೊಡಿ. ನಾಳೆ ಸಂಜೆ ನನ್ನ ಫೈಲನ್ನೇ ಇಲ್ಲಿ ಹಾಕುತ್ತೇನೆ.