ಗೇಟಿನ ಪಕ್ಕದ ಮಹಿಳಾ ಕೇಂದ್ರ: ಒಂದು ಬಾಗಿಲೋ, ಎರಡೋ?

ಶ್ರೀಧರ: ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಲಾನಾರ್ಕ್ ವೇ ರಸ್ತೆಯಲ್ಲಿ, ಎರಡು ಸಮುದಾಯಗಳನ್ನು ಬೇರೆ ಮಾಡುವ ಗೋಡೆಗೆ ಒಂದು ಗೇಟಿದೆ, ರಾತ್ರಿ ಮುಚ್ಚುತ್ತಾರೆ. ಒಂದು ಕಡೆ ಪ್ರೊಟೆಸ್ಟಂಟರ ಶಾಂಕಿಲ್, ಇನ್ನೊಂದು ಕಡೆ ಕ್ಯಾಥೊಲಿಕರ ಸ್ಪ್ರಿಂಗ್‌ಫೀಲ್ಡ್ ರಸ್ತೆ. ಅದೇ ಲಾನಾರ್ಕ್ ವೇಯಲ್ಲಿ ಐರೋಪ್ಯ ಒಕ್ಕೂಟದ ಪೀಸ್ 4 ಎಂಬ ಶಾಂತಿ ಯೋಜನೆಯ ಹಣದಲ್ಲಿ ಇಬ್ಬರಿಗೂ ಸೇರಿದ ಮಹಿಳಾ ಕೇಂದ್ರ ಎದ್ದಿದೆ, ಹೆಸರು ಶಾಂಕಿಲ್ ಶೇರ್ಡ್ ವಿಮೆನ್ಸ್ ಸೆಂಟರ್. 2021ರ ಏಪ್ರಿಲ್‌ನಲ್ಲಿ ಬಸ್ಸಿಗೆ ಬೆಂಕಿ ಹಚ್ಚಿದ್ದು ಇಲ್ಲೇ. ಇಂಥ ಜಾಗದಲ್ಲಿ ಕಟ್ಟುವಾಗ ಎರಡೂ ಕಡೆಗೆ ಒಂದೊಂದು ಬಾಗಿಲು ಇಡಬೇಕು ಅಂತ ನನ್ನ ವಾದ. ಗಲಾಟೆ ದಿನ ಯಾರೂ ಎದುರು ಕಡೆಯವರ ಬೀದಿಯಲ್ಲಿ ನಡೆಯಬೇಕಾಗಿಲ್ಲ.

ವೀಣಾ ಕೆ.: ಶ್ರೀಧರ್ ಅವರೇ, ಬಾಗಿಲು ಎರಡಾದರೆ ರಿಸೆಪ್ಷನ್ ಎರಡು, ಹಾಜರಿ ಪುಸ್ತಕ ಎರಡು. ಆಮೇಲೆ ಈ ಕೋಣೆ ನಮ್ಮದು, ಆ ಕೋಣೆ ಅವರದು. ಗೋಡೆಯನ್ನು ಬೀದಿಯಿಂದ ಒಳಗೆ ತಂದಂತಾಯಿತು, ಅಷ್ಟೇ. ಬಾಗಿಲು ಒಂದೇ ಇರಲಿ, ಕಾಲುದಾರಿ ಎರಡಿರಲಿ. ರಿಸೆಪ್ಷನ್‌ನಲ್ಲಿ ಕೂತವರಿಗೆ ಎರಡೂ ದಾರಿ ಕಾಣಬೇಕು. ಬೆಂಕಿ ಸುರಕ್ಷತೆಗೆ ಇನ್ನೊಂದು ಕಡೆ ಹೊರದಾರಿ ಹೇಗೂ ಬೇಕು. ಅಲ್ಲಿ ಪ್ಯಾನಿಕ್ ಬಾರ್ ಹಾಕಿದರೆ ಒಳಗಿಂದ ತಳ್ಳಿದರೆ ತೆರೆಯುತ್ತೆ, ಹೊರಗಿಂದ ತೆರೆಯಲ್ಲ. ನೆಲಮಹಡಿಗೆ ಲ್ಯಾಮಿನೇಟೆಡ್ ಗಾಜು ಹಾಕಿ. ಕಲ್ಲು ಬಿದ್ದರೆ ಬಿರುಕು ಬಿಡುತ್ತೆ, ಆದರೆ ನಡುವಿನ ಪದರ ಚೂರುಗಳನ್ನು ಹಿಡಿದುಕೊಳ್ಳುತ್ತೆ. ಕಿಟಕಿಗೆ ಕಬ್ಬಿಣದ ಜಾಲರಿ ಮಾತ್ರ ಬೇಡ, ಪೊಲೀಸ್ ಠಾಣೆ ಥರ ಕಾಣುತ್ತೆ.

ನಾಗರತ್ನ: ಬಾಗಿಲಿನ ಜಗಳ ಆಮೇಲೆ, ಮೊದಲು ಗೇಟು ಮುಚ್ಚುವ ವೇಳೆ ನೋಡಿ. ಸಂಜೆ ತರಗತಿ ಅದಕ್ಕಿಂತ ಮುಕ್ಕಾಲು ಗಂಟೆ ಮುಂಚೆಯೇ ಮುಗಿಯಬೇಕು. ಮಗುವಿಗೆ ಕೋಟು ಹಾಕಿಸಿ, ಬಾಗಿಲಲ್ಲಿ ನಿಂತು ಎರಡು ಮಾತಾಡಿ ಹೊರಡಲು ಅಷ್ಟು ಬೇಕೇ ಬೇಕು. ತಡವಾದರೆ ಆಚೆಯವರು ದೂರದ ಸುತ್ತು ಹಾಕಬೇಕು. ಎರಡು ಸಲ ಹಾಗಾದರೆ ಮೂರನೇ ಸಲ ಬರಲ್ಲ. ಹೊಸ ಬ್ಯಾಚನ್ನು ಜೂನ್ ಕೊನೆಗೋ ಜುಲೈನಲ್ಲೋ ಶುರು ಮಾಡಬೇಡಿ. ಪ್ರೊಟೆಸ್ಟಂಟರ ವೈಟ್‌ರಾಕ್ ಮೆರವಣಿಗೆ, ಜುಲೈ 12ರ ಮೆರವಣಿಗೆ ಬರುವುದು ಆಗಲೇ, ಎರಡೂ ಕಡೆ ಬಿಸಿ ಏರುವ ಕಾಲ. ಸೆಪ್ಟೆಂಬರ್ ಒಳ್ಳೆಯದು.

ಶ್ರೀಧರ: ಇಬ್ಬರಿಗೂ ಸೇರಿದ್ದು ಅಂತಾರೆ, ಹೆಸರಲ್ಲಿ "ಶಾಂಕಿಲ್" ಇದೆಯಲ್ಲ?

ರಫೀಯಾ: ಹೆಸರಿಗಿಂತ ಹಿಂದಿನ ನಂಟು ದೊಡ್ಡದು ಸರ್. ಕ್ಯಾಥೊಲಿಕರ ಕಡೆಯ ಫಾಲ್ಸ್ ಮಹಿಳಾ ಕೇಂದ್ರ 1982ರದ್ದು, ಶಾಂಕಿಲ್‌ದು 1987ರದ್ದು. ಫಾಲ್ಸ್‌ನವರಿಗೆ ನಗರಸಭೆ ಅನುದಾನ ನಿಲ್ಲಿಸಿದಾಗ ಅವರ ಪರ ನಿಂತವರು ಶಾಂಕಿಲ್ ಹೆಂಗಸರೇ. ನನ್ನ ಕೇಳಿದರೆ ಬೋರ್ಡಿಗಿಂತ ಆಡಳಿತ ಸಮಿತಿಯಲ್ಲಿ ಯಾರಿದ್ದಾರೆ, ಚೆಕ್ಕಿಗೆ ಸಹಿ ಯಾರದ್ದು ಅನ್ನೋದು ಮುಖ್ಯ. ಎರಡೂ ಕಡೆಯ ಒಬ್ಬೊಬ್ಬರ ಸಹಿ ಇಲ್ಲದೆ ಹಣ ಹೊರಡಬಾರದು.

ಶಿಶುಪಾಲನಾ ಕೋಣೆಯ ಲೆಕ್ಕ ಯಾರೂ ಎತ್ತಲಿಲ್ಲ. ಅಲ್ಲಿನ ನಿಯಮದಂತೆ 2 ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು, 2ರಿಂದ 3 ವರ್ಷದ 4 ಮಕ್ಕಳಿಗೆ ಒಬ್ಬರು, ದೊಡ್ಡವರಾದರೆ 8ಕ್ಕೆ ಒಬ್ಬರು. ಅಂದರೆ 3 ಕೂಸು, 4 ನಡುವಿನವರು, 5 ದೊಡ್ಡವರು, ಒಟ್ಟು 12 ಮಕ್ಕಳಿಗೆ 3 ಜನ. ಒಬ್ಬರು ರಜೆ ಹಾಕಿದರೆ ಒಂದು ಗುಂಪನ್ನು ವಾಪಸ್ ಕಳಿಸಬೇಕು, ಆ ತಾಯಂದಿರ ತರಗತಿಯೂ ಹೋಯಿತು. ಹಾಗಾಗಿ 4 ಜನರ ಸಂಬಳ ಇಟ್ಟುಕೊಳ್ಳಿ.

ವೀಣಾ ಕೆ.: ಆ ಸಂಬಳ ಎಲ್ಲಿಂದ? ಕಟ್ಟಡಕ್ಕೆ ಕೊಟ್ಟ ಹಣ ಮುಂದಿನ ಹತ್ತು ವರ್ಷದ ಸಂಬಳಕ್ಕೆ ಬರಲ್ಲ. ನಮ್ಮೂರ ಸಮುದಾಯ ಭವನಗಳ ಥರ ಉದ್ಘಾಟನೆಯ ಕಲ್ಲು ನೆಟ್ಟು ಬೀಗ ಹಾಕೋದು ಅಲ್ಲೂ ಆಗಬಹುದು. ನಕ್ಷೆಯಲ್ಲೇ ಬಾಡಿಗೆಗೆ ಕೊಡಬಹುದಾದ ಎರಡು ಆಫೀಸು ಕೋಣೆ ಸೇರಿಸಬೇಕಿತ್ತು ಅನ್ನೋದು ನನ್ನ ಪಟ್ಟು.

ನಾಗರತ್ನ: ಇನ್ನೊಂದು. ಮೊದಲ ದಿನವೇ ಎಲ್ಲರನ್ನೂ ಒಂದು ವೃತ್ತದಲ್ಲಿ ಕೂರಿಸಿ "ಗಲಾಟೆ ಬಗ್ಗೆ ಮಾತಾಡಿ" ಅನ್ನಬೇಡಿ. ಮೊದಲು ಪ್ರತಿ ಕಡೆಯವರಿಗೂ ಅವರವರ ಗುಂಪಲ್ಲೇ ಕೆಲವು ವಾರ. ಅಲ್ಲಿ ಇದಕ್ಕೆ ಸಿಂಗಲ್ ಐಡೆಂಟಿಟಿ ಕೆಲಸ ಅಂತಾರೆ. ಆಮೇಲೆ ಕಂಪ್ಯೂಟರ್, ಪ್ರಥಮ ಚಿಕಿತ್ಸೆಯಂಥ ಸರ್ಟಿಫಿಕೇಟ್ ಸಿಗುವ ತರಗತಿ ಒಟ್ಟಿಗೆ.

ಶ್ರೀಧರ: ಸರಿ, ಒಂದೇ ಬಾಗಿಲು ಒಪ್ಪಿದೆ. ಆದರೆ ಪ್ಯಾನಿಕ್ ಬಾರ್ ಬಾಗಿಲಿನಾಚೆ ಕತ್ತಲಿದ್ದರೆ ಏನು ಬಂತು? ಅಲ್ಲಿಂದ ಬೀದಿವರೆಗೆ ಬ್ಯಾಟರಿ ಇರುವ ದೀಪ ಬೇಕು.

ವೀಣಾ ಕೆ.: ಬೇಕು. ಆ ಪಟ್ಟಿ ಜಾಗ ಯಾರದ್ದು, ದೀಪದ ಬಿಲ್ ಯಾರು ಕಟ್ಟಬೇಕು ಅನ್ನೋದು ಗುತ್ತಿಗೆ ಪತ್ರದಲ್ಲಿ ಬರೋವರೆಗೂ ಟೆಂಡರ್ ಕರೆಯಬಾರದು.